ಆಯಿಯ ಒಂದೂವರೆ ರೊಟ್ಟಿ

ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಕೆಲಸ ಅರ್ಧ ಹಗುರ. ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಗೊನೆಯಲ್ಲಿ ನಾಲ್ಕು ಹಣ್ಣು ಮಾಗಿದರೆ ಸಾಕು, ಅಡುಗೆಮನೆ ದಾಟಿ, ನಡುಮನೆ ದಾಟಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವವರ ಮೂಗಿಗೂ ಬಂದು ಮುಟ್ಟುತ್ತದೆ. ಹೋದ ವಾರ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಅಂಥದೊಂದು ಗೊನೆ ಬಂತು. ಕಮಲಾಪುರದಲ್ಲಿರುವ ನನ್ನ ಸೋದರಮಾವನ ಮಕ್ಕಳು ಕಳಿಸಿದ್ದು. ಚೊಚ್ಚಲ ಹೆರಿಗೆಗೆಂದು ಬಂದಿರುವ ನನ್ನ ಮೊಮ್ಮಗಳು ಸುವರ್ಣಾ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಳು. ಅವಳಿಗೀಗ ಏಳು ತಿಂಗಳು. ಒಂದು ಹಣ್ಣು ತಿಂದಳು, ಎರಡನೆಯದಕ್ಕೆ ಕೈಚಾಚಿದಳು. ನಾನು ಅವಳ ಮಣಿಕಟ್ಟು ಹಿಡಿದುಬಿಟ್ಟೆ.

"ಸಾಕವಾ, ಒಂದ ಸಾಕು," ಎಂದೆ.

"ಯಾಕಾಯಿ?" ಎಂದಳು ಅವಳು.

ಯಾಕೆಂದು ನನಗೇ ಗೊತ್ತಿರಲಿಲ್ಲ. ಆ ಮಾತು ನನ್ನದಾಗಿರಲಿಲ್ಲ, ಆ ಕೈಯೂ ನನ್ನದಲ್ಲ. ಸತ್ತು ಅರ್ಧ ಶತಮಾನ ದಾಟಿದ ನಮ್ಮಾಯಿ, ಎಂದರೆ ನನ್ನ ತಂದೆಯ ತಾಯಿ, ನನ್ನ ಮೈಯೊಳಗಿಂದ ಎದ್ದು ಬಂದು ಹಿಡಿದ ಹಾಗಿತ್ತು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಈಗ ಈ ಮನೆಯ ಆಯಿ ನಾನೇ ಎಂಬುದು ನನಗೆ ಆಗಾಗ ಮರೆತುಹೋಗುತ್ತದೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನನಗೆ ಎಪ್ಪತ್ತು ದಾಟಿದೆ. ತೂಕ ಕೇಳಬೇಡಿ. ನಾನು ಹತ್ತಿದ ಮೇಲೆ ಆಟೋದವನು ಇನ್ನೊಬ್ಬರನ್ನು ಕೂರಿಸಲೋ ಬೇಡವೋ ಎಂದು ಹಿಂತಿರುಗಿ ನೋಡುತ್ತಾನೆ. ಬೆಲ್ಲದ ಮಾಲದಿಯಾಗಲಿ ಹೋಳಿಗೆಯಾಗಲಿ, ಕರೆದವರ ಮನ ನೋಯಿಸಿದವಳಲ್ಲ. ಆದರೂ ದವಾಖಾನೆಗೆ ಹೋದರೆ ಡಾಕ್ಟರರಿಗೆ ನನ್ನಲ್ಲಿ ಹುಡುಕಲು ಏನೂ ಸಿಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಲ್ಲ, ಒತ್ತಡ ಇಲ್ಲ. ನನ್ನ ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು, ಒಣಗಿದ ಜೋಳದ ದಂಟಿನಂಥ ಮನುಷ್ಯ. ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಹಿತಮಿತವಾಗಿ ಉಂಡ, ದಿನಾ ನಡೆದ, ಬೀಡಿ ಮುಟ್ಟಲಿಲ್ಲ. ಅವನಿಗೆ ನಲವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂತು, ಬೆನ್ನಿಗೇ ರಕ್ತದೊತ್ತಡ. ಈಗ ಪಾದದ ಬೆರಳಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಆವಾಗಿಂದ ಅವನು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಾನೆ: "ನಾ ಏನ ತಪ್ಪ ಮಾಡೀನಿ ಅಂತ ನನಗಿದು ಬಂತು?"

ಅದಕ್ಕೆ ಉತ್ತರದಂಥದೊಂದು ನನ್ನಲ್ಲಿತ್ತು. ಹೇಳಬಾರದೆಂದು ಮಾತು ಕೊಟ್ಟಿದ್ದೆ.

ನಾನು ಹೇಳುತ್ತಿರುವುದು ನಿಜಾಮರ ಕಾಲದ ಮಾತು. ಊರಿಗಿನ್ನೂ ಎಲ್ಲರೂ ಗುಲಬರ್ಗಾ ಅನ್ನುತ್ತಿದ್ದರು. ಗಂಡುಮಕ್ಕಳು ಉರ್ದು ಶಾಲೆಗೆ ಹೋಗಿ ಬಂದು ಮನೆಯಲ್ಲಿ ಕನ್ನಡದಲ್ಲಿ ಜಗಳಾಡುತ್ತಿದ್ದರು. ನಮ್ಮದು ಕಾಳುಕಡಿ ವ್ಯಾಪಾರದ ಮನೆ. ಮುಂದೆ ಅಂಗಡಿ, ಹಿಂದೆ ಮನೆ. ಒಳಗಿನ ಕೋಣೆಯೊಂದರಲ್ಲಿ ಹಗೇವು, ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಕಣಜ. ಆ ಕೋಣೆಗೆ ಹಗೇವಿನ ಕೋಣೆ ಎಂದೇ ಹೆಸರು. ಇಂಥ ಮನೆಗೆ ಕಮಲಾಪುರದಿಂದ ನಮ್ಮ ಅವ್ವ ಸೊಸೆಯಾಗಿ ಬಂದಳು.

ಆಯಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದಿನದನ್ನು ಕೇಳಿ ನೀವು ಸಿಟ್ಟಾಗುತ್ತೀರಿ. ಆಯಿಗೆ ಒಬ್ಬಳೇ ಮಗಳಿದ್ದಳು, ನನ್ನ ತಂದೆಯ ಅಕ್ಕ. ಚೊಚ್ಚಲಿಗೆ ತವರಿಗೆ ಬಂದ ಮಗಳಿಗೆ ಆಯಿ ತುಪ್ಪ, ಹಾಲು, ಬೆಲ್ಲ ಎಂದು ಕೈತುಂಬ ಉಣಿಸಿದಳು. ಎರಡು ದಿನ ನೋವು ತಿಂದು ಆ ಮಗಳು ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಳ್ಳುತ್ತ, "ಕೂಸು ಭಾಳ ದೊಡ್ಡದಿತ್ತವ್ವಾ," ಎಂದಳಂತೆ. ಅಷ್ಟೇ ಮಾತು. ಅದು ಆಯಿಯ ಎದೆಯಲ್ಲಿ ಕೂತುಬಿಟ್ಟಿತು. ತನ್ನ ಕೈಯಾರೆ ಉಣಿಸಿ ಮಗಳನ್ನು ಕೊಂದೆ ಎಂದು ಅವಳು ತಿಳಿದಳು. ಅಂದಿನಿಂದ ನಮ್ಮ ಮನೆಯ ಬಸುರಿಯರಿಗೆ ಒಂದು ಕಾಯಿದೆ ಬಂತು. ಐದನೆಯ ತಿಂಗಳು ಬಿದ್ದರೆ ದಿನಕ್ಕೆ ಒಂದೂವರೆ ರೊಟ್ಟಿ. ಹಗಲಿಗೊಂದು, ರಾತ್ರಿಗೆ ಅರ್ಧ. ಹಾಲು, ತುಪ್ಪ, ಶೇಂಗಾ ಯಾವುದೂ ಇಲ್ಲ. ಬಾಳೆಹಣ್ಣಂತೂ ಕಣ್ಣಿಗೂ ಕಾಣಬಾರದು.

ರಾತ್ರಿಯ ರೊಟ್ಟಿಯನ್ನು ಆಯಿ ತಾನೇ ಮುರಿಯುತ್ತಿದ್ದಳಂತೆ. ಅರ್ಧ ಅವ್ವನ ತಾಟಿಗೆ ಹಾಕಿ, ಉಳಿದರ್ಧವನ್ನು ಬುಟ್ಟಿಗಿಟ್ಟು ಬಟ್ಟೆ ಮುಚ್ಚುತ್ತಿದ್ದಳು. "ಹಸಿವಾದ್ರ ನೀರ ಕುಡಿ. ನನಗ ನೀ ಬೇಕವಾ," ಎನ್ನುತ್ತಿದ್ದಳಂತೆ. ಬಸುರಾಗುವ ಮೊದಲು ಆರಾಮಾಗಿ ನಾಲ್ಕು ರೊಟ್ಟಿ ತಿನ್ನುತ್ತಿದ್ದ ಅವ್ವ ತಲೆತಗ್ಗಿಸಿ ಅರ್ಧ ತಿಂದು ಏಳುತ್ತಿದ್ದಳು. ಕಾಳು ತುಂಬಿದ ಮನೆಯಲ್ಲಿ ಒಬ್ಬಳು ಹಸಿದು ಮಲಗುತ್ತಿದ್ದಳು, ಅದೂ ಪ್ರೀತಿಯಿಂದ.

ಕುಬುಸದ, ಅಂದರೆ ಸೀಮಂತದ ದಿನ ಕಮಲಾಪುರದಿಂದ ಮುತ್ಯಾ ಬಂದರು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ; ಇವರು ಅವ್ವನ ತಂದೆ, ಬಾಳೆತೋಟದವರು. ಬಂಡಿಯ ತುಂಬ ಬುತ್ತಿ: ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳಿನ ಚಟ್ನಿ, ಬುಟ್ಟಿಯಲ್ಲಿ ಕೆಂಪು ಬಾಳೆಹಣ್ಣು. ಹಸಿರು ಸೀರೆ ಉಡಿಸಿ ಅವ್ವನನ್ನು ಮಣೆಯ ಮೇಲೆ ಕೂರಿಸಿದರು. ಐದು ಜನ ಮುತ್ತೈದೆಯರು ಒಬ್ಬೊಬ್ಬರು ಒಂದೊಂದು ತುತ್ತು ತಿನ್ನಿಸಿದರು. ಐದು ತುತ್ತಾದ ಕೂಡಲೇ ಆಯಿ ಬುಟ್ಟಿಗಳನ್ನು ಎತ್ತಿಸಿ ಓಣಿಯ ಮನೆಮನೆಗೆ ಬುತ್ತಿ ಹಂಚಿಸಿದಳು. ಬಸುರಿಯ ಬಯಕೆಯ ಊಟವನ್ನು ಓಣಿಯವರೆಲ್ಲ ಉಂಡು ಅವ್ವನನ್ನು ಹರಸಿದರು.

ಚೊಚ್ಚಲಿಗೆ ಮಗಳನ್ನು ಕರೆದೊಯ್ಯುವುದು ತವರಿನ ಹಕ್ಕು. ಆಯಿ ಅದನ್ನೂ ಒಪ್ಪಲಿಲ್ಲ. "ಅಲ್ಲಿ ತಿನಿಸಿ ತಿನಿಸಿ ಕೂಸು ಬೆಳಸ್ತೀರಿ. ನಾ ಕಳಸಂಗಿಲ್ರೀ ಬೀಗರ," ಎಂದಳು. ಮುತ್ಯಾ ಖಾಲಿ ಬಂಡಿ ಹೊಡೆದುಕೊಂಡು ವಾಪಸು ಹೋದರು.

ಅಣ್ಣ ಹುಟ್ಟಿದ. ಹೆರಿಗೆ ಸುಲಭವಾಯಿತು. ಕೂಸು ಎಷ್ಟು ಸಣ್ಣದೆಂದರೆ ಮೊರದಲ್ಲಿ ಮಲಗಿಸಿದರೆ ಇನ್ನೊಂದು ಕೂಸಿಗೆ ಜಾಗ ಉಳಿಯುತ್ತಿತ್ತಂತೆ. ಆಯಿ ದೇವರ ಮುಂದೆ ಅಡ್ಡಬಿದ್ದು ಅತ್ತಳು. "ನೋಡ್ರಿ, ತಾಯಿನೂ ಉಳದಳು, ಕೂಸೂ ಉಳೀತು," ಎಂದು ಬಂದವರಿಗೆಲ್ಲ ಹೇಳಿದಳು. ಅವಳ ಕಾಯಿದೆ ಗೆದ್ದಿತು. ಹೆರಿಗೆಯ ದಿನಕ್ಕೆ ಅಳೆದರೆ ಅವಳು ಹೇಳಿದ್ದು ಸರಿಯಾಗಿಯೇ ಕಂಡೀತು. ನಲವತ್ತು ವರ್ಷ ದಾಟಿಸಿ ಅಳೆಯಬೇಕೆಂದು ಅವಳಿಗೆ ಯಾರು ಹೇಳಬೇಕಿತ್ತು?

ಇನ್ನೊಂದು ವಿಚಿತ್ರ ಕೇಳಿ. ಹುಟ್ಟಿದ ಮೇಲೆ ಅದೇ ಆಯಿ ಅಣ್ಣನಿಗೆ ತುಪ್ಪ ಸುರಿದು ಸುರಿದು ಉಣಿಸಿದಳು. ಬಡಕಲು ಕೂಸು ಎಂದು ಕಂಡವರ ಮುಂದೆಲ್ಲ ಹಲುಬುತ್ತಿದ್ದಳು. ಬೆಲ್ಲದ ಚೂರು ಅವಳ ಸೀರೆಯ ಸೆರಗಿನಲ್ಲಿ ಸದಾ ಇರುತ್ತಿತ್ತು, ಅಣ್ಣನಿಗೆಂದೇ. ಅವನು ಮಲಗುತ್ತಿದ್ದುದು ಆಯಿಯ ಮಗ್ಗುಲಲ್ಲಿ. ಆಯಿ ಸತ್ತಾಗ ಅವನು ಮೂರು ದಿನ ಬಾಯಿಗೆ ನೀರು ಹಾಕಲಿಲ್ಲ.

ಮೂರು ವರ್ಷ ಕಳೆಯಿತು. ಅವ್ವ ಮತ್ತೆ ಬಸುರಿ, ಈ ಸಲ ನನ್ನನ್ನು. ಆಗಲೇ ಊರಿಗೆ ಪ್ಲೇಗು ಬಂತು. ಇಲಿ ಸತ್ತು ಬಿದ್ದವೆಂದರೆ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ. ನಮ್ಮವರು ಶರಣಸಿರಸಗಿಯ ಹೊಲದಲ್ಲಿ ಉಳಿದರು. ಮುತ್ಯಾ ಬಂಡಿ ತಂದು ಅವ್ವನನ್ನೂ ಅಣ್ಣನನ್ನೂ ಕಮಲಾಪುರಕ್ಕೆ ಕರೆದೊಯ್ದರು. ಈ ಸಲ ಆಯಿ ಬೇಡವೆನ್ನಲಾಗಲಿಲ್ಲ. ಕಾಯಿದೆ ನೆನಪಿಸಿಯೇ ಕಳಿಸಿದಳು, ಆದರೆ ಒಂದು ದಿನದ ಬಂಡಿ ದಾರಿಯಲ್ಲಿ ಅದು ಎಲ್ಲೋ ಬಿದ್ದುಹೋಯಿತು.

ಗಂಡಸರು ಇಂಥ ವಿಷಯ ಮಾತಾಡುವ ಕಾಲವಲ್ಲ ಅದು. ಮುತ್ಯಾ ಏನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ತೋಟದಿಂದ ಬಂದು ಮಜ್ಜಿಗೆ ಕಡೆಯುವ ಜಾಗದಲ್ಲಿ ಎರಡು ಕೆಂಪು ಬಾಳೆಹಣ್ಣು ಇಟ್ಟು, ಯಾರಿಗೂ ಅಲ್ಲ ಎಂಬಂತೆ, "ಹಣ್ಣ ಹಾಳಾಗಾಕತ್ತಾವ, ತಿನ್ನವರೇ ಇಲ್ಲ," ಎಂದು ಹೇಳಿ ಹೊರಟುಹೋಗುತ್ತಿದ್ದರಂತೆ. ಅವ್ವ ತಿಂದಳು. ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಾಲು, ಎಲ್ಲವನ್ನೂ ತಿಂದಳು. ನಾನು ಹುಟ್ಟಿದೆ, ಈಗಿನ ಹಾಗೆ ಆಗಲೂ ದೊಡ್ಡವಳಾಗಿಯೇ. ಹೆರಿಗೆ ಒಂದಿಡೀ ಹಗಲು ಹಿಡಿಯಿತಂತೆ. ಸುದ್ದಿ ಮುಟ್ಟಿದ ದಿನವೇ ಆಯಿ ಬಂಡಿ ಕಟ್ಟಿಸಿ ಬಂದಳು. ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಹೋಗಿ ಅವ್ವನ ಮಣಿಕಟ್ಟು ಹಿಡಿದು, ಬೆಚ್ಚಗಿದೆಯೋ ಎಂದು ನೋಡಿ, "ಇದ್ದಿ ಅಲ್ಲ," ಎಂದಳು. ಬಹಳ ಹೊತ್ತು ಕೈ ಬಿಡಲಿಲ್ಲವಂತೆ.

ಗುಲಬರ್ಗಾದ ಮನೆಯ ಆ ಹಗೇವಿನ ಕೋಣೆಯ ಗೋಡೆಯಲ್ಲಿ ಒಂದು ಗುಣಿ ಇತ್ತು. ನೆಲದಲ್ಲಿ ಕೂತವರ ಕೈಗೆ ಸಿಗುವಷ್ಟು ಎತ್ತರದಲ್ಲಿ, ಮಣ್ಣಿನ ಗಿಲಾವು ಕೆರೆದುಹೋಗಿ ಒಂದು ಬಟ್ಟಲಿನಷ್ಟು ತಗ್ಗಾಗಿತ್ತು. ನಾನೂ ಅಣ್ಣನೂ ಅದರಲ್ಲಿ ಗೋಲಿ ಬಚ್ಚಿಡುತ್ತಿದ್ದೆವು. ಇಲಿ ಕೆರೆದದ್ದು ಎಂದುಕೊಂಡಿದ್ದೆವು. ನಾನು ಮೊದಲ ಸಲ ಬಸುರಾಗಿ ತವರಿಗೆ ಬಂದಾಗ ಅವ್ವ ಒಂದು ಮಧ್ಯಾಹ್ನ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಗುಣಿಯಲ್ಲಿ ಬೆರಳಿಟ್ಟು ಹೇಳಿದಳು:

"ಇದು ನಾ ತಿಂದದ್ದು. ನಿಮ್ಮಣ್ಣ ಹೊಟ್ಟ್ಯಾಗಿದ್ದಾಗ. ಹಸಿ ಗ್ವಾಡಿ ವಾಸನಿ ಬಂದ್ರ ತಡೀಲಿಕ್ಕೇ ಆಗ್ತಿರಲಿಲ್ಲ, ಉಗುರಲೆ ಕೆರದು ಕೆರದು ತಿಂತಿದ್ದೆ. ನೀ ಹೊಟ್ಟಿ ತುಂಬ ಉಣ್ಣು. ಅಣ್ಣಗ ಮಾತ್ರ ಹೇಳಬ್ಯಾಡ, ಅವನಿಗೆ ಆಯಿ ಅಂದ್ರ ಜೀವ."

ನಾನು ಹೇಳಲಿಲ್ಲ. ಅವ್ವ ಹೋದಳು, ಆ ಮನೆಯನ್ನೂ ಕೆಡವಿದ್ದಾಯಿತು, ನಾನು ಹೇಳಲಿಲ್ಲ.

ಹೋದ ವಾರ ನಾನು ಸುವರ್ಣಾಳ ಕೈಹಿಡಿದ ದಿನವೇ ಮಧ್ಯಾಹ್ನ ಅಣ್ಣ ಬಂದ. ಬಾಗಿಲಲ್ಲೇ ಮೂಗರಳಿಸಿ, "ಕಮಲಾಪುರ ಬಂದದ," ಎಂದ. ಹಣ್ಣಿನೆದುರು ಕೂತ, ಮುಟ್ಟಲಿಲ್ಲ. "ನನ್ನ ಪಾಲಿಂದೂ ನಮ್ಮ ತಂಗಿನೇ ತಿಂದಾಳ ನೋಡವಾ," ಎಂದು ಮೊಮ್ಮಗಳ ಮುಂದೆ ತನ್ನ ಮಾಮೂಲಿ ಚೇಷ್ಟೆ ಮಾಡಿದ. ಅರವತ್ತು ವರ್ಷದಿಂದ ಕೇಳುತ್ತಿರುವ ಮಾತಿಗೆ ಆ ದಿನ ನನಗೆ ನಗು ಬರಲಿಲ್ಲ. ಡಾಕ್ಟರು ಏನಂದರು ಎಂದು ಅವನು ಸುವರ್ಣಾಳನ್ನು ಕೇಳಿದ.

"ಛಲೋ ಉಣ್ಣು ಅಂದಾರ ಮುತ್ಯಾ. ಹೊಟ್ಟ್ಯಾಗಿದ್ದಾಗ ತಾಯಿಗೆ ಊಟ ಕಡಿಮಿ ಬಿದ್ರ, ಹೊರಗೂ ಬರಗಾಲನೇ ಅದ ಅಂತ ಕೂಸಿನ ಮೈ ತಿಳಕೋತದಂತ. ಕಡಿಮಿದಾಗ ಬದುಕೂದು ಅಲ್ಲೇ ಕಲೀತದಂತ. ಹೊರಗ ಬಂದ ಮ್ಯಾಲ ಹೆಚ್ಚಿಗಿ ಸಿಕ್ರ ಅದಕ್ಕ ತಡಕೊಳ್ಳಾಕ ಆಗಂಗಿಲ್ಲ. ದೊಡ್ಡವರಾದ ಮ್ಯಾಲ ಶುಗರ್, ಬಿಪಿ ಬರೂದು ಜಾಸ್ತಿ ಅಂದ್ರು."

"ಎಲ್ಲಾರಿಗೂ ಹಂಗ ಆಗ್ತದೇನು?"

"ಇಲ್ರೀ ಮುತ್ಯಾ. ಒಬ್ಬರ ಜಡ್ಡಿಗೆ ಇದೇ ಕಾರಣ ಅಂತ ಹೇಳಾಕ ಬರಂಗಿಲ್ಲಂತ."

ಬರಗಾಲಕ್ಕೆಂದು ತೋಡಿದ ಸಣ್ಣ ಹಗೇವಿಗೆ ಸುಗ್ಗಿಯನ್ನೆಲ್ಲ ಸುರಿದರೆ ಏನಾಗುತ್ತದೆಂದು ಕಾಳುಕಡಿ ವ್ಯಾಪಾರದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಣ್ಣ ತನ್ನ ಪಾದದ ಬೆರಳುಗಳನ್ನು ನೋಡುತ್ತ ಕೂತ. "ನಾ ಏನ ತಪ್ಪ ಮಾಡೀನಿ ಅಂತ…" ಎಂದು ಶುರುಮಾಡಿದ. ಅವನ ಆ ಮಾತನ್ನು ಇನ್ನೊಮ್ಮೆ ಪೂರ್ತಿ ಕೇಳುವ ಶಕ್ತಿ ನನಗಿರಲಿಲ್ಲ.

"ನೀ ಏನೂ ಮಾಡಿಲ್ಲಣ್ಣಾ," ಎಂದೆ. ಒಂದೂವರೆ ರೊಟ್ಟಿಯದನ್ನು ಹೇಳಿದೆ. ಓಣಿಗೆ ಹಂಚಿದ ಬುತ್ತಿಯನ್ನು ಹೇಳಿದೆ. ಗೋಲಿ ಬಚ್ಚಿಡುತ್ತಿದ್ದ ಗುಣಿಯದನ್ನು ಹೇಳಿದೆ. ಹೇಳುತ್ತ ಹೇಳುತ್ತ ಹೆದರಿಕೆಯಾಯಿತು. ಅವನ ಮೇಲಿನ ತಪ್ಪನ್ನು ಇಳಿಸಲು ಹೋಗಿ ಅವನ ಆಯಿಯ ಮೇಲೆ ಹೊರಿಸುತ್ತಿದ್ದೆ. ಎಪ್ಪತ್ತಾರರ ಮುದುಕನಿಂದ ಅವನ ಆಯಿಯನ್ನು ಕಸಿದುಕೊಳ್ಳಲು ನಾನ್ಯಾರು?

ಅಣ್ಣ ಕೇಳಿದ್ದು ತನ್ನ ಸಕ್ಕರೆಯ ಬಗ್ಗೆ ಅಲ್ಲ, ಆಯಿಯ ಬಗ್ಗೆಯೂ ಅಲ್ಲ.

"ಅವ್ವಗ ಅಷ್ಟ ಹಸಿವಾಗಿತ್ತೇನು?"

ಹೌದೆಂದು ತಲೆಯಾಡಿಸಿದೆ.

"ಆಯಿಗೆ ಯಾರೂ ಏನೂ ಅನಬ್ಯಾಡ್ರಿ," ಎಂದ ಅವನು. "ಮಗಳ ಹೆಣ ನೋಡಿದಾಕಿ. ಅಂಜಿದ್ಲು." ಅಷ್ಟು ಹೇಳಿ ಎದ್ದ. ಗೊನೆಯ ಹತ್ತಿರ ಹೋಗಿ, ಮಾಗಿದ ಎರಡು ಹಣ್ಣು ಹುಡುಕಿ ಕಿತ್ತು, ಸುವರ್ಣಾಳ ಉಡಿಯಲ್ಲಿ ಹಾಕಿದ.

"ಎರಡೂ ತಿನ್ನವಾ. ಒಂದು ನಿಂದು. ಒಂದು ನಮ್ಮವ್ವಂದು."

ಸುವರ್ಣಾ ನನ್ನ ಮುಖ ನೋಡಿದಳು. ಬೆಳಿಗ್ಗೆ ಹಿಡಿದ ಮಣಿಕಟ್ಟನ್ನೇ ಮತ್ತೆ ಹಿಡಿದೆ. ಬೆಚ್ಚಗಿತ್ತು. ಕೈ ಬಿಟ್ಟು, ಮೊದಲು ಅವ್ವನ ಹಣ್ಣನ್ನೇ ಸುಲಿದು ಅವಳ ಬಾಯಿಗಿಟ್ಟೆ.