ಸುಳ್ಳು ಬಾರದ ಸಾಹೇಬರು
ಹಾನಗಲ್ಲಿನಲ್ಲಿ ಶಾಲೆ ನಡೆಸುತ್ತಿದ್ದ ಮೆಲರ್ ಸಾಹೇಬರಿಗೆ ಬಾರದ ವಿದ್ಯೆಯೆಂದರೆ ಸುಳ್ಳೊಂದೇ ಎಂದು ಊರು ನಗುತ್ತಿತ್ತು. ದಿನಾ ಮಳೆ ಅಳೆಯುತ್ತಿದ್ದರು, ಸೂಕ್ಷ್ಮದರ್ಶಕದಲ್ಲಿ ಬಾವಿ ನೀರಿನ ಹುಳು ತೋರಿಸುತ್ತಿದ್ದರು, ಅಬಲೂರಿನ ಶಾಸನ ಓದುತ್ತಿದ್ದರು, ನಿಂತ ಗಡಿಯಾರ ನಡೆಸುತ್ತಿದ್ದರು. ಆದರೆ ಗೌಡರ ಮನೆಯಲ್ಲಿ ಊಟ ಹೇಗಿತ್ತೆಂದು ಕೇಳಿದರೆ, "ಉಪ್ಪು ಭಾಳ ಆಗೇತ್ರಿ" ಎಂದೇ ಎದ್ದು ಬರುತ್ತಿದ್ದರು. ಅವರು ಕ್ವೇಕರ್ ಪಂಥದ ಕ್ರೈಸ್ತರು. ಆಣೆ ಇಡರು, ಬಂದೂಕು ಮುಟ್ಟರು, ಪ್ರಾರ್ಥನೆಗೂ ಬಾಯಿ ಬಿಡದೆ ಸುಮ್ಮನೆ ಕೂರುವವರು. ಈ ನೇರ ನಡೆಯನ್ನೇ ಮೆಚ್ಚಿ ಅವರ ಶಾಲೆ ಸೇರಿದ್ದ ಉಳವಪ್ಪ ಮಾಸ್ತರರಿಗೆ ನಲವತ್ತೆರಡರ ಚಳವಳಿಯಲ್ಲಿ ಅದೇ ನಡೆ ಎದೆಯ ಮೇಲಿನ ಕಲ್ಲಾಯಿತು. ಒಂದು ಮುಂಜಾನೆ ಉಳವಪ್ಪನವರು ಸರಕಾರದ ಟೆಲಿಗ್ರಾಫ್ ತಂತಿ ಕಡಿಯುವುದನ್ನು, ಮಳೆ ಅಳೆಯಲು ಹೊರಬಂದ ಸಾಹೇಬರು ನಿಂತು ನೋಡಿದ್ದರು. ಮೂರನೆಯ ದಿನ ಪೊಲೀಸ್ ಫೌಜದಾರ ಶಾಲೆಗೇ ಬಂದ. "ತಂತಿ ಕಡದಾಂವನ್ನ ನೋಡೀರೇನ್ರಿ?" ಎಂದು ಕೇಳಿದ. ಉಳವಪ್ಪನವರು ಅಲ್ಲೇ ಕುಳಿತಿದ್ದರು. "ನೋಡೇನ್ರಿ" ಎಂದರು ಸಾಹೇಬರು. "ಯಾರು?" "ಅದನ್ನ ಹೇಳಂಗಿಲ್ರಿ." "ಹೇಳದಿದ್ರ ನಿಮ್ಮನ್ನ ಒಯ್ಯಬೇಕಾಕ್ಕತಿ." ಸಾಹೇಬರು ಟೊಪ್ಪಿಗೆ ಇಟ್ಟುಕೊಂಡು ಹೊರಟೇಬಿಟ್ಟರು, ಒಂದು ನೋಟವೂ ಗುರುತು ಹೇಳೀತೆಂದು ಉಳವಪ್ಪನವರ ಕಡೆ ಕಣ್ಣೆತ್ತಲಿಲ್ಲ. ಅದನ್ನು ಕಂಡ ಮೇಲೆ ಉಳವಪ್ಪನವರಿಗೆ ಕುಳಿತಿರಲಾಗಲಿಲ್ಲ. "ಅವರನ್ನ ಬಿಡ್ರಿ, ಕಡದಾಂವ ನಾನ" ಎಂದು ಎದ್ದು ನಿಂತರು. ಉಳವಪ್ಪನವರು ಜೈಲಿನಲ್ಲಿ ಕಳೆದ ಒಂದೂವರೆ ವರ್ಷ, ಅವರ ಕನ್ನಡ ಪಾಠದ ತಾಸನ್ನೂ ಸಾಹೇಬರೇ ತೆಗೆದುಕೊಂಡರು.