ಎರಡು ಗಾಜಿನ ನಡುವೆ ಅವ್ವ

ನಾನು ಮದುವೆಯಾಗಿ ಬಂದ ಮನೆ ಹಳೆಯ ಎಸ್ಟೇಟ್ ಬಂಗಲೆ. ಕಟ್ಟಿಸಿದ ಬಿಳಿ ದೊರೆಗೆ ನೋಟದ ಹುಚ್ಚು. ಬಿಸಿಲು ಬೀಳುವ ದಕ್ಷಿಣದ ಗೋಡೆಯ ತುಂಬ ಕಿಟಕಿ ಇಟ್ಟು ಹೋಗಿದ್ದ. ನೋಟ ಅವನಿಗೆ, ಚಳಿ ನಮಗೆ. ಡಿಸೆಂಬರ್ ಬಂತೆಂದರೆ ಅತ್ತಿಗುಂಡಿ ಬೆಟ್ಟದ ಕಡೆಯ ಗಾಳಿ ಕಿಟಕಿ ಸಂದಿಯಲ್ಲಿ ಶಿಳ್ಳೆ ಹಾಕುತ್ತಿತ್ತು. ಹೀಟರ್ ಹಾಕಿದರೂ ಕಾಲು ಬೆಚ್ಚಗಾಗುತ್ತಿರಲಿಲ್ಲ. ಕರೆಂಟಂತೂ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತವರು ಕಳಸದಿಂದ ಅವ್ವನನ್ನು ಕರೆತಂದೆವು. ಅವಳಿಗೆ ಉಬ್ಬಸ. ಅಲ್ಲಿಯ ಒಲೆಯ ಹೊಗೆ ಆಗದು, ಇಲ್ಲಿಯ ಚಳಿಯೂ ಆಗದು. ನನ್ನ ಗಂಡ ಯಾವುದೋ ಪತ್ರಿಕೆಯಲ್ಲಿ ಓದಿ, ಹಳೆಯ ಕಿಟಕಿಗಳ ಹೊರಗೆ ಇನ್ನೊಂದು ಗಾಜಿನ ಗೋಡೆ ಎಬ್ಬಿಸಿದರು. ನಡುವೆ ಒಬ್ಬರು ನಡೆದಾಡುವಷ್ಟು ಜಾಗ. ಅಲ್ಲಿ ಬಿಸಿಲಿಗೆ ಕಾದ ಗಾಳಿ ಮೇಲಿನ ಕಿಂಡಿಯಿಂದ ಅವ್ವನ ಕೋಣೆಗೆ ಬರಬೇಕು. ಸಂಜೆ ಕಿಂಡಿ ಮುಚ್ಚಿದರೆ ಬಿಸಿ ಒಳಗೇ ಉಳಿಯಬೇಕು. ನಾನು ನಕ್ಕಿದ್ದೆ. ಆದರೆ ಹೀಟರ್ ಮೂಲೆ ಸೇರಿತು, ಅವ್ವ ಬೆಳಗಿನವರೆಗೂ ನಿದ್ದೆ ಮಾಡತೊಡಗಿದಳು.

ನಮ್ಮ ಕಡೆಯವರಿಗೆ ಬೆಚ್ಚಗಿನ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ, ಏನಾದರೂ ಹರಡಲೇಬೇಕು. ಕುಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದು ಕಾಫಿ ಒಣಗಿಸುವ ಕಣ ಒದ್ದೆಯಾಯಿತು. ಬಿಸಿಲು ಬಂದದ್ದೇ ತಡ, ಅವ್ವ ಹಣ್ಣಿನ ಸಿಪ್ಪೆ ತೆಗೆದು ತೊಳೆದಿಟ್ಟಿದ್ದ ಹಸಿ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಬುಟ್ಟಿಬುಟ್ಟಿ ಹೊತ್ತು ತಂದು ಗಾಜುಗಳ ನಡುವೆ ಹರಡಿದಳು. ಅದರ ನೀರೆಲ್ಲ ಬಿಸಿಗಾಳಿಯ ಜೊತೆ ಕೋಣೆ ಸೇರಿತು. ಗಾಜು ಬೆವರಿತು, ಕಂಬಳಿ ತೇವವಾಯಿತು. ಹೀಟರ್ ಮತ್ತೆ ಹೊರಗೆ ಬಂತು, ಅವ್ವನ ಉಬ್ಬಸವೂ.

"ನಿಂಗ್ಯಾಕವ್ವ ಇದೆಲ್ಲ?" ಎಂದು ರೇಗಿದೆ.

"ಮಗಳ ಮನೇಲಿ ಸುಮ್ನೆ ಕೂತು ಉಣ್ಣಕ್ಕಾಗುತ್ತಾ? ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲಲ್ಲ" ಎಂದು ಮತ್ತೆ ಗಾಜಿನ ನಡುವೆ ಹೋದಳು.

ಅದೇ ಮಧ್ಯಾಹ್ನ ನನ್ನ ಗಂಡ ಗಾಜಿನ ಗೋಡೆ ತೋರಿಸಲು ಪಕ್ಕದ ಎಸ್ಟೇಟಿನ ಗೆಳೆಯನನ್ನು ಕರೆತಂದರು. ಅವ್ವ ಸೀರೆ ಎತ್ತಿ ಕಟ್ಟಿ ಕಾಫಿಬೀಜದಲ್ಲಿ ಕೈಯಾಡಿಸುತ್ತಿದ್ದಳು. ಆತ ಗಾಜು ತಟ್ಟಿ, "ಏಯ್, ಬಾಗ್ಲು ತೆಗಿ" ಎಂದ. ನನ್ನ ಗಂಡನ ಕಡೆ ತಿರುಗಿ, "ಏನ್ ಮಾರಾಯ, ಆಳುಗಳಿಗೂ ಬಿಸಿಕೋಣೆ ಕಟ್ಸಿದೀಯಾ?" ಎಂದು ನಕ್ಕ.

ಅವ್ವ ಒಮ್ಮೆ ಅವರ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಬಂದೆ ಅಯ್ಯಾ" ಎಂದಳು.

"ಅವ್ರು ನಮ್ಮವ್ವ!" ಎಂದು ಕೂಗಿಬಿಟ್ಟೆ. ಆತ ತಬ್ಬಿಬ್ಬಾಗಿ ಕೈಮುಗಿದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ತಾನು ಆಳಾಗಿ ನಿಂತರೆ ಮಗಳ ಮಾನ ಉಳಿಯುತ್ತದೆಂದು ಅವಳಿಗೆ ಅಷ್ಟು ಬೇಗ ಹೊಳೆಯಿತಲ್ಲ, ಅದೂ ನನ್ನ ಮನೆಯಲ್ಲಿ! ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಅವ್ವ ಕಳಸಕ್ಕೆ ಹೊರಡಲು ಚೀಲ ತುಂಬಿದಳು. ನಾನು ಚೀಲ ಕಿತ್ತುಕೊಂಡು ಅತ್ತೆ. ಕೊನೆಗೆ ಅವಳೆಂದಳು: "ಆ ಕಿಂಡಿ ತೆಗಿಯೋದು ಮುಚ್ಚೋದು ನಂಗೇ ಬಿಡು. ಅಷ್ಟು ಕೆಲ್ಸ ಇದ್ರೆ ಇರ್ತೀನಿ."

ಬಿಟ್ಟೆ. ಕಾಫಿ ಕಣಕ್ಕೆ ಹೋಯಿತು, ಕೋಣೆ ಮತ್ತೆ ಬೆಚ್ಚಗಾಯಿತು. ದಿನಾ ಸಂಜೆ ಕಿಂಡಿ ಮುಚ್ಚಿಯೇ ಅವಳು ಊಟಕ್ಕೆ ಬರುತ್ತಿದ್ದಳು. ಒಂದು ದಿನ ಜ್ವರ ಬಂದು ಮಲಗಿದ್ದಳೆಂದು ಕಿಂಡಿ ನಾನೇ ಮುಚ್ಚಿದೆ. ಗಂಜಿ ತಂದಿಟ್ಟರೆ, ಮುಚ್ಚಿದ್ದ ಕಿಂಡಿಯನ್ನು ನೋಡಿ, ಇವತ್ತು ಬೇಡ ಎಂದಳು.