ತೋಪಿನ ಬಾಯಿಗೆ ತುಂಬಿದ ಉಡಿ

ಶಹಾಬಾದಿನ ಕಲ್ಲುಗಣಿಯಲ್ಲಿ ನನಗೆ ಕಲಿಸಿದ ಮೊದಲ ನಿಯಮ: ಬಂಡೆಗೆ ಕೊರೆದ ತೂತು ಸ್ವಚ್ಛ ಮಾಡದೆ ಸಿಡಿಮದ್ದು ಹಾಕಬಾರದು. ಅಲ್ಲಿ ಬಂಡೆ ಸಿಡಿಸಿದಷ್ಟು ವರ್ಷವೂ ಅದನ್ನು ಮುರಿಯಲಿಲ್ಲ. ಮುರಿದದ್ದು ನಮ್ಮೂರ ಕೋಟೆಯ ಮೇಲೆ, ೧೯೪೮ರ ಶ್ರಾವಣದಲ್ಲಿ.

ನಮ್ಮೂರು ಸೇಡಂ, ಚಿಂಚೋಳಿಗಳ ನಡುವೆ. ಎರಡು ರಾಜ್ಯಗಳ ಗಡಿ ಕಾಯಲು ಕಟ್ಟಿದ ಕೋಟೆ ಅದು. ಕೆಳಗಿನ ಸಾಲುಗಳು ಗಾರೆಯಿಲ್ಲದ ದೊಡ್ಡ ಕಲ್ಲಿನವು, ಬಿಲ್ಲುಬಾಣದ ಕಾಲದವು. ತೋಪುಗಳು, ಎಂದರೆ ಫಿರಂಗಿಗಳು, ಬಂದ ಮೇಲೆ ಸುಲ್ತಾನರು ಮೂಡಣ ಬುರುಜನ್ನು ತಗ್ಗಿಸಿ, ಅಗಲಿಸಿ, ಒಳಗೆ ಮಣ್ಣು ತುಂಬಿಸಿ ಮೇಲೊಂದು ತೋಪು ಕೂರಿಸಿದರು. ಬರಬರುತ್ತ ಆ ತೋಪು ಊರಿಗೆ ಅವ್ವನಾಯಿತು. ಪ್ರತಿ ದಸರೆಗೆ ಹೆಂಗಸರು ಅದರ ಬಾಯಿಗೆ ಉಡಿ ತುಂಬುತ್ತಿದ್ದರು: ಅಕ್ಕಿ, ಅರಿಶಿನ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ತುಂಬಿದ್ದನ್ನು ಯಾರೂ ತೆಗೆಯುವಂತಿರಲಿಲ್ಲ.

ಸಂಸ್ಥಾನದ ಆಡಳಿತ ಕುಸಿಯುತ್ತಿತ್ತು. ಬಂದೂಕಿನ ಗುಂಪೊಂದು ಪಕ್ಕದ ಊರಿಗೆ ಬೆಂಕಿ ಹಚ್ಚಿ, ಬಾವಿಯ ಬಳಿ ಸಿಕ್ಕವರನ್ನೆಲ್ಲ ಕಡಿದು ನಮ್ಮ ಕಡೆ ಬಂತು. ಊರವರೆಲ್ಲ ಕೋಟೆಯೊಳಗೆ ಸೇರಿ ಬಾಗಿಲು ಹಾಕಿಕೊಂಡೆವು. ಹೊರಗಿನಿಂದ ಕೊಡಲಿ ಏಟು ಬೀಳತೊಡಗಿತು. ಬಾಗಿಲ ಸಂದಿಯಿಂದ ಬಂದ ಗುಂಡು ನಮ್ಮೂರ ಕುಂಬಾರನ ಗಂಟಲು ಹರಿಯಿತು. ಅವನ ರಕ್ತದಲ್ಲಿ ಕಾಲು ಜಾರುತ್ತಲೇ ಬಾಗಿಲಿಗೆ ಕಲ್ಲು ಒಟ್ಟಿದೆವು.

ಗಣಿಯಿಂದ ತಂದ ಒಂದು ಡಬ್ಬಿ ಮದ್ದು ನನ್ನ ಬಳಿ ಇತ್ತು. ಅಣ್ಣ ಅದನ್ನು ಕಸಿದುಕೊಂಡು ಬುರುಜು ಹತ್ತಿದ. ನಾನು ಕಬ್ಬಿಣದ ಸರಳು ಹಿಡಿದು ಹಿಂದೆ ಓಡಿದೆ. ತೋಪಿನ ಪೂಜೆ ಮಾಡುತ್ತಿದ್ದ ಕಾಕಾ ಆಗಲೇ ಅಲ್ಲಿದ್ದರು.

"ಮೊದಲ ಬಾಯಿ ಸ್ವಚ್ಛ ಮಾಡಬೇಕ್ರಿ ಕಾಕಾ. ಒಳಗ ಭಾಳ ಗಟ್ಟಿ ಕುಂತದ," ಎಂದೆ.

ಕಾಕಾ ಅಡ್ಡ ನಿಂತರು. "ಅವ್ವನ ಬಾಯಾಗ ಸರಳು ತುರುಕ್ತಿ? ಇದೇನು ನಿನ್ನ ಕಲ್ಲಿನ ಗಣಿ ಅಂತ ತಿಳಕೊಂಡಿಯೇನು? ಉಡಿನೇ ಗುಂಡು ಆಗ್ತದ. ಹಿಂದಿನ ಕಿವ್ಯಾಗ ಮದ್ದು ಸುರೀರಿ."

ಕಿವಿ ಎಂದರೆ ಬತ್ತಿ ಇಡುವ ತೂತು. ಅಣ್ಣ ಸುರಿಯುತ್ತಲೇ ನಕ್ಕ. "ಲೇ ತಮ್ಮಾ, ಅವರು ಬಾಗಿಲಾ ಮುರೀಲಿಕತ್ತಾರ, ನೀ ಕಸಾ ಹೊಡೀಲಿಕ್ಕ ನಿಂತಿಯಲ್ಲೋ! ಸರಿ ಆಚಿಗಿ!"

ಸರಿದೆ. ಹಿರಿಯರ ಮಾತು ಮೀರಿ ನನಗೆ ಅಭ್ಯಾಸವಿರಲಿಲ್ಲ.

ಅಣ್ಣ ಕೊಳ್ಳಿ ಇಟ್ಟ. ಮುಚ್ಚಿದ ಬಾಯಿಯಿಂದ ಬೆಂಕಿಗೆ ದಾರಿ ಸಿಗಲಿಲ್ಲ. ತೋಪಿನ ಹಿಂಭಾಗ ಸೀಳಿ ಹಾರಿತು. ಕಾಕಾ ಅವರ ಎಡಗೈ ಗೋಡೆಯ ಆಚೆ ಬಿದ್ದಿತ್ತು. ಅಣ್ಣನ ಎದೆ ತೆರೆದುಕೊಂಡಿತ್ತು. ಕರೆದಾಗ ಕಣ್ಣು ಮಾತ್ರ ನನ್ನತ್ತ ತಿರುಗಿದವು. ಆಮೇಲೆ ಅದೂ ಇಲ್ಲ.

ಆ ಸದ್ದಿಗೆ ಹೊರಗೆ ಗುಂಪಿನವರ ಕುದುರೆಗಳು ಬೆದರಿ ಓಡಿದವು. ಕೋಟೆಯಲ್ಲಿ ತೋಪು ಹಾರಿಸುವವರಿದ್ದಾರೆಂದು ನಂಬಿ ಗುಂಪು ಹೊಳೆ ದಾಟಿ ಹೋಯಿತು. ಅವ್ವ ಕಾಯ್ದಳು ಎಂದು ಊರು ಇಂದಿಗೂ ಹೇಳುತ್ತದೆ. ಅತ್ತಿಗೆ ಮಾತ್ರ ಹೆಣದ ಪಕ್ಕ ಕೂತು ನನ್ನನ್ನು ಒಂದೇ ಮಾತು ಕೇಳಿದರು: "ನಿನ್ನ ಕೈಯಾಗ ಸರಳು ಇತ್ತಲ್ಲೋ?"

ಮುಂದಿನ ದಸರೆಗೆ ಉಳಿದ ಅರ್ಧ ತೋಪಿಗೆ ಮತ್ತೆ ಉಡಿ ತುಂಬಿದರು. ಮರುದಿನ ಬೆಳಿಗ್ಗೆ ಆರಕ್ಕೆ ಸರಳು ಒಯ್ದು ಅದನ್ನೆಲ್ಲ ಹೊರಗೆಳೆದೆ. ಒಂದೇ ಕೈಯ ಕಾಕಾ ಮೆಟ್ಟಿಲ ಮೇಲೆ ಕೂತು ನೋಡಿದರು, ಬೇಡ ಎನ್ನಲಿಲ್ಲ. ಎರಡೂ ಕಡೆ ತೆರೆದ ಆ ಕೊಳವೆಯಲ್ಲಿ ಇನ್ನು ಮದ್ದು ನಿಲ್ಲುವುದೇ ಇಲ್ಲ. ಆದರೂ ಪ್ರತಿ ವರ್ಷ ದಸರೆಯ ಮರುದಿನ, ಆರಕ್ಕೆ ಸರಿಯಾಗಿ, ಸ್ವಚ್ಛ ಮಾಡುತ್ತೇನೆ.